ಗ್ರೂಪ್ ಬಿಟ್ಟು ಹೋದ ಮಾರಾಯನಿಗೆ

ಮಾರಾಯಾ,

ನೀನು ಗ್ರೂಪ್ ಬಿಟ್ಟು ಇವತ್ತಿಗೆ ಹನ್ನೊಂದು ದಿನ. ಫೋನ್ ಮಾಡಿದರೆ ಎತ್ತುವುದಿಲ್ಲ. ನಿನ್ನ ಅಮ್ಮನ ಹತ್ತಿರ ಕೇಳಿದೆ. “ಅವನಿಗೆ ಎಂತದೋ ಸಿಟ್ಟು ಉಂಟು, ನೀವು ನೀವೇ ಸರಿ ಮಾಡಿಕೊಳ್ಳಿ” ಅಂದರು. ಹಾಗಾಗಿ ಈ ಪತ್ರ. ತಪ್ಪು ಮಾಡಿದ್ದು ಎಲ್ಲರೆದುರು, ಒಪ್ಪಿಕೊಳ್ಳುವುದೂ ಎಲ್ಲರೆದುರೇ ಆಗಲಿ.

ಹೌದು, ‘ಸು ಫ್ರಮ್ ಸೋ’ ಸಿನಿಮಾದ ಕೊನೆಯನ್ನು ಗ್ರೂಪಿನಲ್ಲಿ ಹೇಳಿದ್ದು ನಾನೇ. ಜುಲೈ 25ಕ್ಕೆ ಮಂಗಳೂರಿನಲ್ಲಿ ನೋಡಿದೆ. ವಾಪಸ್ ಬರುವಾಗ ಬಸ್ಸು ಕೇರಳ ಗಡಿಯ ತಲಪಾಡಿ ದಾಟುವ ಮೊದಲೇ ಎಲ್ಲ ಟೈಪ್ ಮಾಡಿ ಕಳಿಸಿದ್ದೆ. ನೀನು ಬೆಂಗಳೂರಿನಲ್ಲಿ ಮರುದಿನದ ಟಿಕೆಟ್ ತೆಗೆದು ಕೂತಿದ್ದಿ ಅಂತ ನನಗೆಲ್ಲಿ ಗೊತ್ತು? ಬಾಯಿ ತಡೆಯಲಿಲ್ಲ, ಅಷ್ಟೇ. ಜೆ.ಪಿ. ತುಮಿನಾಡು ಅಂದರೆ ನಮ್ಮ ಮಂಜೇಶ್ವರದ ತುಮಿನಾಡು ಅಲ್ವಾ? ಕಾಲೇಜಿಗೆ ಹೋಗುವಾಗ ಕಿಟಕಿ ಪಕ್ಕ ತೂಕಡಿಸುತ್ತಾ ದಾಟಿ ಹೋಗುತ್ತಿದ್ದ ಊರು. ಆ ಹೆಸರು ನಿರ್ದೇಶಕನ ಹೆಸರಾಗಿ ಅಷ್ಟು ದೊಡ್ಡ ಪರದೆಯ ಮೇಲೆ ಬಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ಪೂರ್ತಿ ಅರ್ಥವಾಗುವುದಿಲ್ಲ. ನಾವು ಬೆಳೆದದ್ದು ಎಂಥ ಊರಿನಲ್ಲಿ? ವಾಲಿ ಸಾಯುತ್ತಾನೆ ಅಂತ ಗೊತ್ತಿಲ್ಲದೆ, ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಗೆ ಹೋದವರು ಯಾರಾದರೂ ಇದ್ದರಾ? ಆದರೂ ಬೆಳಗಿನವರೆಗೆ ಕೂರುತ್ತಿದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಏನು ಕೇಳಿದ, ಎದುರು ಕೂತ ರಾಮ ಎಲ್ಲಿ ತಡವರಿಸಿದ, ಅದು ಮುಖ್ಯ. ಮರುದಿನ ಹೋಟೆಲಿನಲ್ಲಿ ಗೋಳಿಬಜೆ ತಣ್ಣಗಾಗುವವರೆಗೆ ಅದೇ ಚರ್ಚೆ. ನನ್ನ ಅಜ್ಜ ಶೇಣಿಯವರ ಕಡೆ, ನಿನ್ನ ಅಜ್ಜ ಕುಂಬಳೆ ಸುಂದರ ರಾಯರ ಕಡೆ. ಅದೇ ವಿಷಯಕ್ಕೆ ಒಮ್ಮೆ ಆರು ತಿಂಗಳು ಮಾತು ಬಿಟ್ಟಿದ್ದರಂತೆ. ಆ ಲೆಕ್ಕದಲ್ಲಿ ನಿನಗೆ ಇನ್ನೂ ಟೈಮ್ ಉಂಟು, ಬಿಡು.

ಗ್ರೂಪ್ ಶುರುವಾದದ್ದು ನೆನಪುಂಟಾ? 2020. ಕೊರೊನಾಕ್ಕೆ ತಲಪಾಡಿ ಬಂದ್. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ನೀನು ಆ ಕಡೆ ಸಿಕ್ಕಿಬಿದ್ದಿ, ನಾನು ಈ ಕಡೆ. ರಾತ್ರಿ ಒಂದೇ ಹೊತ್ತಿಗೆ ಒಂದೇ ಸಿನಿಮಾ ಹಾಕಿಕೊಂಡು, ಫೋನಿನಲ್ಲಿ ಜಗಳ ಮಾಡುತ್ತಾ ನೋಡುತ್ತಿದ್ದೆವು. ಸಿನಿಮಾಕ್ಕಿಂತ ಜಗಳವೇ ಜಾಸ್ತಿ.

ಅತಿ ದೊಡ್ಡ ಜಗಳ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರದ್ದು. ಕನ್ನಡ ಶಾಲೆಗೆ ಮಲಯಾಳಂ ಮೇಷ್ಟ್ರು ಬರುವ ದೃಶ್ಯಕ್ಕೆ ನೀನು ಬಿದ್ದು ಬಿದ್ದು ನಕ್ಕಿದ್ದಿ. ನನಗೆ ಉರಿಯಿತು. ನಮ್ಮ ಕ್ಲಾಸಿಗೆ ಅಂಥವರೇ ಬಂದದ್ದು ಮರೆತೆಯಾ ಅಂತ ಕೇಳಿದೆ. ನೀನು ಮರೆತಿರಲಿಲ್ಲ. “ಅದಕ್ಕೇ ನಗು ಬಂತು” ಅಂದಿ. ಆಗ ನಾನು ಒಪ್ಪಲಿಲ್ಲ. ಈಗ ಯೋಚಿಸಿದರೆ, ಆ ಮೇಷ್ಟ್ರು ಪಾಪದವರು. ತಪ್ಪು ಅವರನ್ನು ಅಲ್ಲಿಗೆ ಹಾಕಿದವರದ್ದು. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ನಮ್ಮ ಮುಖ ನೋಡುತ್ತಿದ್ದರು. ನಾವು ಅವರ ಮುಖ ನೋಡುತ್ತಿದ್ದೆವು. ಕನ್ನಡ ಕಲಿಸಿ ಅಂತ ನಮ್ಮನ್ನೇ ಕೇಳಿದರು. ನೀನು ‘ಸುಮ್ಮನಿರಿ’ ಅನ್ನುವುದಕ್ಕೆ ‘ಬೊಬ್ಬೆ ಹಾಕಿ’ ಅನ್ನಬೇಕು ಅಂತ ಹೇಳಿಕೊಟ್ಟಿ. ಅವರು ಒಂದು ವಾರ ಕೋಲು ಹಿಡಿದು ಹಾಗೇ ಹೇಳಿದರು. ನಾವು ಹೇಳಿದ ಹಾಗೆ ಕೇಳಿದೆವು! ವರ್ಷದ ಕೊನೆಗೆ ಲೆಕ್ಕದಲ್ಲಿ ಅರ್ಧ ಕ್ಲಾಸು ಫೇಲು. ಅದಕ್ಕೆ ಯಾರೂ ನಗಲಿಲ್ಲ.

ಅಂದಹಾಗೆ, ಆ ಸಿನಿಮಾದಲ್ಲಿ ಕಾಣುವ ಶಾಲೆ ಕರ್ನಾಟಕದ ಕೈರಂಗಳದ್ದು. ನಮ್ಮ ಶಾಲೆಯ ಕಥೆ ತೆಗೆಯುವುದಕ್ಕೂ ಗಡಿ ದಾಟಬೇಕಾಯಿತು ಅಂತ ನಾನು ಗ್ರೂಪಿನಲ್ಲಿ ಕೊಂಕು ಮಾತಾಡಿದ್ದೆ. ಅದು ಸುಮ್ನೆ ಹೇಳಿದ್ದು. ಸಿನಿಮಾಕ್ಕೆ 2018ರ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಾಗ ಊರಿಗೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ.

ಇನ್ನೊಂದು ಬಾಕಿ ಉಳಿದ ಜಗಳ ‘ತಿಂಗಳಾಳ್ಚ ನಿಶ್ಚಯಂ’ದ್ದು. ಅದು ಮಲಯಾಳಂ, ಅದರಲ್ಲಿ ನಮ್ಮದೇನಿದೆ ಅಂತ ನೀನು. ಅದರಲ್ಲಿರುವುದು ನಮ್ಮದೇ ಜಿಲ್ಲೆಯ ಕಾಞಂಗಾಡಿನ ಮನೆ, ಕಾಞಂಗಾಡಿನ ಮಾತು. ತೆಂಕಣ ಕೇರಳದವರು ನಗಾಡುವ ಆ ಮಾತನ್ನು ನಾವು ಸಂತೆಯಲ್ಲಿ, ಬಸ್ಸಿನಲ್ಲಿ ಹುಟ್ಟಿದಾಗಿನಿಂದ ಕೇಳಿದ್ದೇವೆ. ಭಾನುವಾರ ಸಂಜೆ ನಾಲ್ಕು ಗಂಟೆಯ ದೂರದರ್ಶನದ ಸಿನಿಮಾಗಳಲ್ಲಿ ಆ ಮಾತು ಒಂದು ದಿನವಾದರೂ ಕೇಳಿಸಿತ್ತಾ? ಪಕ್ಕದ ಮನೆಯ ಕಪ್ಪು ಬಿಳುಪು ಟಿ.ವಿ. ಮುಂದೆ ನಾವು ಕಲಿತ ಮಲಯಾಳಂ ಬೇರೆಯೇ, ಅಂಗಡಿಯಲ್ಲಿ ಮಾತಾಡಿದ್ದು ಬೇರೆಯೇ. ಅದನ್ನು ತೆಗೆದ ಸೆನ್ನ ಹೆಗ್ಡೆ ಅದಕ್ಕೂ ಮೊದಲು ಕನ್ನಡದಲ್ಲಿ ‘ಕಥೆಯೊಂದು ಶುರುವಾಗಿದೆ’ ಮಾಡಿದವರು. ಈಗ ಹೇಳು, ಅವರು ಯಾರವರು? ನನಗಂತೂ ಈ ಕಡೆ, ಆ ಕಡೆ ಎರಡೂ ನಮ್ಮದೇ. ಇದೊಂದರಲ್ಲಿ ನಾನು ಸೋಲುವುದಿಲ್ಲ.

ನಿನ್ನ ಅಪ್ಪನ ಸುದ್ದಿ ಹೇಳದಿದ್ದರೆ ಆಗುತ್ತದಾ? ‘ಮುಕ್ತ’ ಧಾರಾವಾಹಿಯಲ್ಲಿ ಟಿ.ಎನ್. ಸೀತಾರಾಮ್ ವಕೀಲ ಸಿ.ಎಸ್.ಪಿ. ಆಗಿ ಎದ್ದು ನಿಂತರೆ, ಇವರು ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಅಲ್ಲಿಂದಲೇ ಎದುರುವಾದ ಹೂಡುತ್ತಿದ್ದರು. ತಾಳಮದ್ದಳೆ ಕೇಳಿದ ಕಿವಿ!

ನನ್ನ ಅಮ್ಮ ಈಗಲೂ ಏಳೂವರೆಗೆ ಟಿ.ವಿ. ಮುಂದೆ. ಅವರ ಧಾರಾವಾಹಿಯಲ್ಲಿ ಸೊಸೆಯ ಪಾತ್ರಕ್ಕೆ ಬೇರೆ ಹುಡುಗಿ ಬಂದಳು. ಅಮ್ಮ ಮೂರು ದಿನ ಅವಳ ಮುಖ ನೋಡಲಿಲ್ಲ. ಅವಳು ಬಂದ ಕೂಡಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ನಾಲ್ಕನೇ ದಿನ ಬಾಗಿಲಲ್ಲೇ ನಿಂತು ನೋಡಿದರು. “ಪಾಪ, ಇವಳೂ ಅಡ್ಡಿಲ್ಲ” ಅಂದರು.

ಗ್ರೂಪಿಗೆ ನಿನ್ನನ್ನು ಮತ್ತೆ ಸೇರಿಸಿದ್ದೇನೆ. ಮತ್ತೆ ಬಿಟ್ಟು ಹೋಗಬೇಡ. ಆ ದಿನದ ಟಿಕೆಟ್ ಹರಿದು ಹಾಕಿದೆಯೋ, ಹೋಗಿ ನೋಡಿದೆಯೋ ಗೊತ್ತಿಲ್ಲ. ‘ಸು ಫ್ರಮ್ ಸೋ’ ಆಗಸ್ಟ್ 1ಕ್ಕೆ ಮಲಯಾಳಂ ಮಾತಿನಲ್ಲೂ ಬಂದಿದೆ. ಚೌತಿಗೆ ಬರುತ್ತೀಯಲ್ಲ? ಟಾಕೀಸಿನಲ್ಲಿ ಉಳಿದಿದ್ದರೆ ಇಬ್ಬರೂ ಹೋಗುವ. ಟಿಕೆಟ್ ನನ್ನದು, ಚಹಾ ನನ್ನದು. ನಾನು ಬಾಯಿ ಬಿಡುವುದಿಲ್ಲ. ಕೊನೆ ನಿನಗೆ ಹೇಗೂ ಗೊತ್ತುಂಟು.