ಮೀಟರ್ ಲೆಕ್ಕ ಯಾರ ಕೈಯಲ್ಲಿ?

ಮಾನ್ಯ ಸಂಪಾದಕರೇ,

ನಾನು ಮೈಸೂರಿನಲ್ಲಿ 22 ವರ್ಷದಿಂದ ಮನೆ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಹೋದ ವಾರ ಹೊಸ ಮನೆಯೊಂದಕ್ಕೆ ಸ್ಮಾರ್ಟ್ ಮೀಟರ್, ಅಂದರೆ ಕರೆಂಟ್ ಲೆಕ್ಕವನ್ನು ತಾನೇ ವಿದ್ಯುತ್ ಕಂಪನಿಗೆ ಕಳಿಸಬಲ್ಲ ಮೀಟರ್, ಕೂರಿಸುವಾಗ ಅಲ್ಲೇ ಇದ್ದೆ. ಆ ಮನೆಯ ಅಜ್ಜಿ ಬಂದು ಮೀಟರ್ ಮುಂದೆ ನಿಂತರು. ಕೆಂಪು ದೀಪ ಮಿಣುಕುವುದನ್ನೇ ನೋಡುತ್ತಾ, ದನಿ ತಗ್ಗಿಸಿ, "ನಾವು ಮಾತಾಡೋದು ಸರ್ಕಾರಕ್ಕೆ ಕೇಳಿಸುತ್ತಾ ಮಗಾ?" ಅಂದರು. ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಮೀಟರ್‌ಗೆ ಮಾತು ಕೇಳಿಸುವುದಿಲ್ಲ, ನಿಜ. ಆದರೆ ಹಳೇ ಮೀಟರಿನಲ್ಲಿ ತಿಂಗಳಿಗೊಂದು ಲೆಕ್ಕ ಸಿಗುತ್ತಿತ್ತು. ಇದು 15 ನಿಮಿಷಕ್ಕೋ ಅರ್ಧ ಗಂಟೆಗೋ ಒಂದು ಲೆಕ್ಕ ಬರೆದಿಡುತ್ತದೆ. ಬೆಳಗ್ಗೆ ಗೀಸರ್ ಎಷ್ಟೊತ್ತಿಗೆ ಹಾಕಿದರು, ಬೀಗ ಹಾಕಿಕೊಂಡು ಎಷ್ಟು ದಿನ ಊರಿಗೆ ಹೋದರು, ಆ ಅಂಕಿ ನೋಡಿದರೆ ನನ್ನಂಥವನಿಗೂ ಗೊತ್ತಾಗುತ್ತದೆ.

ಜನರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 2025ರ ನವೆಂಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ, ಪ್ರತಿ ಹೊಸ ಮೊಬೈಲ್‌ನಲ್ಲೂ ಸಂಚಾರ್ ಸಾಥಿ ಎಂಬ ತನ್ನ ಆ್ಯಪ್ (ಕಳೆದ ಮೊಬೈಲ್ ಬ್ಲಾಕ್ ಮಾಡಿಸಲು, ಮೋಸದ ಕರೆ ಬಗ್ಗೆ ದೂರು ಕೊಡಲು ಇರುವುದು) ಹಾಕಿಯೇ ಮಾರಬೇಕು ಎಂದು ಕಂಪನಿಗಳಿಗೆ ಹೇಳಿತು. ಗಲಾಟೆಯಾದ ಮೇಲೆ ಡಿಸೆಂಬರ್ 3ರಂದು ಕಡ್ಡಾಯ ಕೈಬಿಟ್ಟಿತು. ಜನರನ್ನು ಮೊದಲೇ ಕೇಳಬಹುದಿತ್ತು, ಅಲ್ವಾ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಕೇಸಿನಲ್ಲೇ.

ಮೀಟರ್ ಬೇಡ ಎನ್ನುತ್ತಿಲ್ಲ. ಈ ಲೆಕ್ಕ ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ, ಪೊಲೀಸರು ಕೇಳಿದರೆ ಯಾರ ಅನುಮತಿ ಬೇಕು? ಬಿಲ್ಲಿನ ಹಿಂಭಾಗದಲ್ಲಿ ಕನ್ನಡದಲ್ಲೇ ಅಚ್ಚು ಹಾಕಲಿ. ಅಜ್ಜಿಗೆ ನಾನೇ ಓದಿ ಹೇಳುತ್ತೇನೆ.

– ಒಬ್ಬ ವೈರಿಂಗ್ ಕೆಲಸಗಾರ, ಮೈಸೂರು