ಮರಡಿಕೊಳ್ಳಿ ಬಾಯಿ ತೆರೆಯಿತು, ಅಜ್ಜ

ಭಾನುವಾರ ರಾತ್ರಿ ನಾನೇ ಕಲ್ಪಿಸಿ ಮಣ್ಣಿನಲ್ಲಿ ಮಾಡಿದ ಪ್ರಾಣಿ ಮರಡಿಕೊಳ್ಳಿಯ ಹೊಟ್ಟೆಯೊಳಗೆ ಹಣತೆ ಇಟ್ಟೆ. ಬಾಯಿಂದ, ಮೈಮೇಲಿನ ಬಿರುಕುಗಳಿಂದ ಬೆಳಕು ಹೊರಗೆ ಬಂತು. ಎಂಟು ತಿಂಗಳಿಂದ ಇದಕ್ಕೇ ಕಾದಿದ್ದೆ. ಈ ನಡುವೆ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಈ ಪ್ರಾಣಿ ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳಿದಿರಿ. ಅರ್ಧ ನಮ್ಮಜ್ಜಿಯ ಕೊಳ್ಳಿದೆವ್ವ. ರಾತ್ರಿ ಹೊಲದಾಚೆ ಹೊತ್ತಿ, ಆರಿ, ಇನ್ನೆಲ್ಲೋ ಮತ್ತೆ ಹೊತ್ತಿಕೊಳ್ಳುವ ಬೆಂಕಿ. ಬಾಯಿ ತೆರೆದಾಗ ಮಾತ್ರ ಕಾಣುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು. ಇನ್ನರ್ಧ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಂಡೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿ ನೀರಿನಡಿಯಲ್ಲಿ ಲಾವಾ ಉಕ್ಕಿತ್ತು. ನೀರು ತಾಗಿದ ಕೂಡಲೇ ಲಾವಾದ ಮೇಲ್ಮೈ ಸಿಪ್ಪೆಯಂತೆ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಕೆಂಡ. ಸಿಪ್ಪೆ ಬಿರಿದ ಕಡೆ ಇನ್ನೊಂದು ಉಂಡೆ ಉಬ್ಬಿ ಬರುತ್ತದೆ. ದಿಂಬುಗಳನ್ನು ಒಟ್ಟಿದ ಹಾಗೆ ಕಾಣುತ್ತದೆ ಆ ಕಲ್ಲು. ಅದನ್ನು ಮುಟ್ಟಿ ನೋಡಿದ ಮೇಲೆ ನಾನು ಬರೆದಿದ್ದ ರೆಕ್ಕೆ, ಕೊಂಬು ಎಲ್ಲ ಅಳಿಸಿಬಿಟ್ಟೆ. ಮೈ ಬಿರಿದಾಗಲೇ ಬೆಳೆಯುವ ಪ್ರಾಣಿ ಸಾಕು ಅನ್ನಿಸಿತು.

ಬೈಕಿನಲ್ಲಿ ಮರಡಿಹಳ್ಳಿಗೆ ಕರೆದುಕೊಂಡು ಹೋದ ಗೆಳತಿಗೆ, ಕಲ್ಲಿನ ಕಥೆ ಬಿಡಿಸಿ ಹೇಳಿದ ಮೇಷ್ಟ್ರಿಗೆ, ವಾರವಾರ ಸಾರು ಕಳಿಸಿದ ಚಿಕ್ಕಮ್ಮನಿಗೆ, ರಜೆ ಕೊಟ್ಟು ಏನೂ ಕೇಳದ ಆಫೀಸಿನವರಿಗೆ ಮನಸಾರೆ ಧನ್ಯವಾದ.

ಇನ್ನು ಕುಂಬಾರ ಅಜ್ಜ.

ಮೊದಲ ಸಲ ಮಾಡಿದ ಮರಡಿಕೊಳ್ಳಿಯನ್ನು ಅವರ ಆವಿಗೆಯಲ್ಲೇ ಸುಡಲು ಇಟ್ಟಿದ್ದೆ. ಸಣ್ಣ ಉರಿ ಹಾಕಿ ಎರಡು ಗಂಟೆಯೂ ಆಗಿರಲಿಲ್ಲ, ಒಳಗಿಂದ ಢಬ್ ಅಂತ ಸದ್ದು. ಇಬ್ಬರಿಗೂ ಗೊತ್ತಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಪ್ಪ ಹೋದ ದಿನ ಅತ್ತಿರಲಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟಿದ್ದೆ. ಒಡೆದ ಮಣ್ಣಿಗೆ ಅಷ್ಟು ಅಳು ಬಂತು, ನಿಲ್ಲಿಸಲು ಆಗಲೇ ಇಲ್ಲ.

ಅಜ್ಜ ಸಮಾಧಾನ ಹೇಳಲಿಲ್ಲ. ಮನೆಗೆ ಹೋಗು ಅಂತಲೂ ಅನ್ನಲಿಲ್ಲ. ಆ ಖಾಲಿ ಮನೆಗೆ ಹೋಗುವುದು ನನ್ನಿಂದ ಆಗುವುದಿಲ್ಲ ಅಂತ ಹೇಗೆ ತಿಳಿಯಿತೋ. ತಮ್ಮ ಕಂಬಳಿ ನನಗೆ ಹೊದಿಸಿ, ಬೆಳಗಿನವರೆಗೂ ಸೌದೆ ಒಟ್ಟುತ್ತಾ ಪಕ್ಕದಲ್ಲೇ ಇದ್ದರು. ನಡುರಾತ್ರಿ ಒಂದೇ ಮಾತು: "ಕತ್ತು ದಪ್ಪ ಬಿಟ್ಟಿದ್ದೆ ಕಣವ್ವ. ಒಳಗೆ ನೀರು ಕುಂತಿತ್ತು. ಅದು ಆವಿಯಾಗಿ ಹೋಗಾಕೆ ದಾರಿ ಬ್ಯಾಡ್ವಾ?"

ಎರಡನೆಯದಕ್ಕೆ ಮಣ್ಣಿನ ಜೊತೆ ಹಂಚಿನ ಪುಡಿ ಕಲಸಿದೆವು. ಒಳಗೆಲ್ಲ ಕೊರೆದು ಟೊಳ್ಳು ಮಾಡಿ, ಹೊಟ್ಟೆಯಲ್ಲಿ ತೂತು ಬಿಟ್ಟು, ಮೂರು ವಾರ ನೆರಳಲ್ಲಿ ಒಣಗಿಸಿದೆವು. ಟೊಳ್ಳಾಗಿದ್ದರಿಂದಲೇ ಹಣತೆ ಇಡುವ ಯೋಚನೆ ಬಂತು. ಅದಕ್ಕೆ ಮೊದಲು ಬೆಂಕಿಯನ್ನು ಮೈಮೇಲೆ ಕೆಂಪು ಬಣ್ಣದಲ್ಲಿ ಬಳಿಯುವವಳಿದ್ದೆ. ಅಜ್ಜಿಯ ಕೊಳ್ಳಿದೆವ್ವ ಅದಾಗುತ್ತಿರಲಿಲ್ಲ.

ಅಜ್ಜ, ಆ ರಾತ್ರಿ ಚೂರು ಸಿಡಿದು ನಿಮ್ಮ ಮೂರು ಮಡಕೆಯೂ ಒಡೆದವು. ಬೆಳಗ್ಗೆ ಚೂರು ಗುಡಿಸುವಾಗ ನೋಡಿದೆ. ದುಡ್ಡು ಕೊಟ್ಟರೆ ತಗೊಳ್ಳಲಿಲ್ಲ. ಮುಂದಿನ ಆವಿಗೆಗೆ ಸೌದೆ ನಾನೇ ತರುತ್ತೇನೆ. ಬೇಡ ಅನ್ನಬೇಡಿ.