ಪಕ್ಕದ ಮನೆಗೆ ಒಂದು ಕೀ ಕೊಟ್ಟಿರು

ಪುಟ್ಟಿ,

ಮೊನ್ನೆ ನೀನು ಸಿಟ್ಟಿನಲ್ಲಿ ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಇಬ್ಬರೂ ಅದೇ ಮಾತಿಗೆ ಬರುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ಯಾರು ಏನಂದರು ಅನ್ನುವುದು ಇಬ್ಬರಿಗೂ ಗೊತ್ತಿದೆ, ಅದು ಬಿಡು.

ನನ್ನ ನಿದ್ದೆ ಕೆಡಿಸಿರುವುದು ಆ ನೀರಿನ ಬಾಟಲಿ. ಜ್ವರದಲ್ಲಿ ಬಾಟಲಿ ಖಾಲಿಯಾಗಿತ್ತು, ಎದ್ದು ತುಂಬಿಸಿಕೊಳ್ಳಲು ಆಗದೆ ಬೆಳಗಿನವರೆಗೂ ಹಾಗೇ ಮಲಗಿದ್ದೆ ಅಂತ ನೀನು ಮಾತಿನ ಮಧ್ಯೆ ಸುಮ್ನೆ ಹೇಳಿದೆ. ನಿನಗೆ ಅದು ಮುಗಿದ ಕಥೆ. ನನಗೆ ಮುಗಿದಿಲ್ಲ. ಫೋನ್ ಕೈಗೆ ಸಿಗುವ ಹಾಗಿತ್ತಾ? ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೆಯಾ? ಜ್ವರ ಇನ್ನೂ ಏರಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಪಕ್ಕದ ಮನೆಯ ಟಿವಿ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತದೆ ಅಂತ ನೀನೇ ಹೇಳಿದ್ದೆ. ಅಷ್ಟು ಹತ್ತಿರ ಮನುಷ್ಯರಿದ್ದೂ ನನ್ನ ಮಗಳು ಗಂಟಲು ಒಣಗಿಸಿಕೊಂಡು ಮಲಗಿದ್ದಳು. ಕೆಲಸದ ನಡುವೆ ಲೋಟಕ್ಕೆ ನೀರು ಬಗ್ಗಿಸಿಕೊಂಡರೂ ಇದೇ ನೆನಪು. ಎಷ್ಟು ಹೊತ್ತು ಬಾಯಾರಿಕೊಂಡಿದ್ದೆ ಅಂತ ಕೇಳಬೇಕೆನಿಸುತ್ತದೆ, ಕೇಳಲು ಹೆದರಿಕೆ.

‘ನಂಗ್ಯಾರೂ ಬೇಡಮ್ಮ, ಆರಾಮಾಗಿದೀನಿ’ ಅಂದೆ. ನೀನು ಒಬ್ಬಳೇ ಮನೆ ಹುಡುಕಿಕೊಂಡಿದ್ದು, ಕೆಲಸದಲ್ಲಿ ಗಟ್ಟಿಯಾಗಿ ನಿಂತಿದ್ದು ಎಲ್ಲ ನನಗೆ ಹೆಮ್ಮೆಯೇ. ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ದಿನವಿಡೀ ಪುಸ್ತಕ ಹಿಡಿದು ಕೂರುವವಳು ನೀನು, ಮೊದಲಿಂದಲೂ. ಅದನ್ನು ಬಿಡು ಅನ್ನುತ್ತಿಲ್ಲ. ಕಷ್ಟ ಬಂದರೆ ಕರೆಯಲು ಹತ್ತಿರದಲ್ಲಿ ಯಾರೂ ಇಲ್ಲವಲ್ಲ, ನನ್ನ ಭಯ ಅದು.

ಅಮ್ಮನ ಹಳೇ ರಾಗ ಅನ್ನಬೇಡ. 1997ರಲ್ಲಿ ಶೆಲ್ಡನ್ ಕೋಹೆನ್ ಅನ್ನುವ ಮನಶ್ಶಾಸ್ತ್ರಜ್ಞರ ತಂಡದವರು 276 ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಬಿಟ್ಟು ನೋಡಿದ್ದನ್ನು ಪ್ರಕಟಿಸಿದರು. ಮನೆಯವರು, ಗೆಳೆಯರು, ಜೊತೆ ಕೆಲಸದವರು, ನೆರೆಯವರು ಅಂತ ಬಗೆಬಗೆಯ ನಂಟು ಇದ್ದವರಿಗೆ ನೆಗಡಿ ಹಿಡಿದದ್ದು ಕಡಿಮೆ. ನಿನಗೆ ಇರುವುದು ಆಫೀಸು ಮತ್ತು ನಾನು, ಅಷ್ಟೇ ಅಲ್ವಾ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಜನರ ಬದುಕನ್ನು ವರ್ಷಗಟ್ಟಲೆ ಗಮನಿಸಲು 1938ರಲ್ಲಿ ಶುರುಮಾಡಿದ ಅಧ್ಯಯನ ಇನ್ನೂ ನಡೆಯುತ್ತಿದೆ. 50ರ ವಯಸ್ಸಿನಲ್ಲಿ ತಮ್ಮವರ ಜೊತೆ ನೆಮ್ಮದಿಯಾಗಿದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಅಂತ ಅದರಲ್ಲಿ ಗೊತ್ತಾಗಿದೆ. ಯಾರೂ ಇಲ್ಲ ಅನ್ನಿಸಿದಾಗ ಅಪಾಯ ಬರುತ್ತದೇನೋ ಅಂತ ಮೈ ಸದಾ ಎಚ್ಚರವಾಗಿರುತ್ತದೆ, ನಿದ್ದೆಯೂ ತುಂಡಾಗುತ್ತದೆ. ನಡುರಾತ್ರಿ ಎಚ್ಚರವಾಗುತ್ತೆ ಅನ್ನುತ್ತೀಯಲ್ಲ, ಅದಕ್ಕೆ ಬರೀ ಮೊಬೈಲನ್ನು ಬಯ್ಯಬೇಡ.

ಪಾಠ ಜಾಸ್ತಿಯಾಯಿತು, ಕ್ಷಮಿಸು. ಇನ್ನೊಂದೇ ಹೇಳುತ್ತೇನೆ. ಬೇರೆಯವರಿಗೆ ಓಡಿಹೋಗಿ ಸಹಾಯ ಮಾಡುತ್ತೀಯ, ನೀನು ಕೇಳಬೇಕಾದಾಗ ಮಾತ್ರ ಸಂಕೋಚ. ನೀನು ಏನೂ ಕೇಳದಿದ್ದರೆ ಅವರು ನಿನ್ನ ಬಾಗಿಲಿಗೆ ಬರುವುದಾದರೂ ಹೇಗೆ? ಒಂದು ಸ್ಕ್ರೂ ಡ್ರೈವರ್ ಬೇಕು ಅಂತಲಾದರೂ ಪಕ್ಕದ ಮನೆ ಬೆಲ್ ಒತ್ತು. ಪರಿಚಯವಾಗಿ ನಂಬಿಕೆ ಬಂದ ಮೇಲೆ ಒಂದು ಕೀ ಅವರ ಹತ್ತಿರ ಇರಲಿ. ಅವರ ನಂಬರ್ ನನಗೂ ಕಳಿಸು. ದಿನಾ ಫೋನ್ ಮಾಡಿ ಕಾಟ ಕೊಡುವುದಿಲ್ಲ, ಮಾತು ಕೊಡುತ್ತೇನೆ. ಕಾಲೇಜಿನ ಗೆಳತಿಯ ಮೆಸೇಜಿಗೆ ಉತ್ತರ ಬರೆಯದೆ ತುಂಬಾ ದಿನವಾಯಿತು ಅಂದೆಯಲ್ಲ, ಇವತ್ತೇ ಬರೆ. ತಡವಾಯಿತು ಅಂತ ನಾಚಿಕೊಳ್ಳಬೇಡ.

ಭಾನುವಾರ ಫೋನ್ ಮಾಡುತ್ತೇನೆ. ಸಿಟ್ಟು ಇಳಿಯದಿದ್ದರೂ ಪರವಾಗಿಲ್ಲ, ಎತ್ತು.

ನಿನ್ನ ಅಮ್ಮ